ಇನ್ನೊಂದು ಬರಲಿ

ನನ್ನ ಕೆಲಸದ ಒಂದು ಭಾಗವನ್ನು ಮನೆಯಲ್ಲಿ ಇವತ್ತಿಗೂ ಸರಿಯಾಗಿ ಹೇಳಿಕೊಂಡಿಲ್ಲ. ಮೂರ್ಛೆರೋಗದ ಡಾಕ್ಟರು ಎಂದರೆ ಫಿಟ್ಸ್ ನಿಲ್ಲಿಸುವವಳು ಎಂದು ಅವರೆಲ್ಲ ತಿಳಿದಿದ್ದಾರೆ. ಓಪಿಡಿಯಲ್ಲಿ ಅದು ನಿಜವೇ. ಆದರೆ ಮೇಲಿನ ಮಹಡಿಯ ಮಾನಿಟರಿಂಗ್ ಯೂನಿಟ್ಟಿನಲ್ಲಿ ನಡೆಯುವುದು ಬೇರೆ. ಅಲ್ಲಿ ರೋಗಿಯ ಮಾತ್ರೆಗಳನ್ನು ದಿನಕ್ಕಿಷ್ಟು ಎಂದು ಇಳಿಸುತ್ತೇನೆ, ಬೇಕಾದರೆ ಒಂದು ರಾತ್ರಿ ನಿದ್ದೆ ಮಾಡದಂತೆ ಕೂರಿಸುತ್ತೇನೆ, ಆಮೇಲೆ ಫಿಟ್ಸ್ ಬರುವುದನ್ನು ಕಾಯುತ್ತೇನೆ. ಕಾಯುತ್ತೇನೆ ಎಂದರೆ ಸ್ವಲ್ಪ ಮರ್ಯಾದೆಯಾಗಿ ಹೇಳಿದಂತಾಯಿತು. ಬರಲಿ ಎಂದು ಆಸೆಪಡುತ್ತೇನೆ.

ಕಾರಣವಿಲ್ಲದೆ ಇಲ್ಲ. ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರೆಗಳಿಂದ ಪೂರ್ತಿ ಹತೋಟಿ ಸಿಗುವುದಿಲ್ಲ. ಸರಿಯಾಗಿ ಆರಿಸಿದ, ಸರಿಯಾಗಿ ನುಂಗಿದ ಎರಡು ಔಷಧ ಕೈಕೊಟ್ಟ ಮೇಲೆ ಮೂರನೆಯದು ಕೈಹಿಡಿಯುವ ಸಂಭವ ಕಡಿಮೆ. ಅಂಥವರಲ್ಲಿ ಕೆಲವರಿಗೆ ಫಿಟ್ಸ್ ಹುಟ್ಟುವ ಜಾಗವನ್ನೇ ಆಪರೇಷನ್ ಮಾಡಿ ತೆಗೆಯಬಹುದು. ಆ ಜಾಗ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಎಂಆರ್‌ಐ ಒಂದೇ ಹೇಳಲಾರದು. ಫಿಟ್ಸ್ ಶುರುವಾಗುವ ಆ ಕೆಲವು ಸೆಕೆಂಡುಗಳ ಇಇಜಿ ಬೇಕು, ಅದೇ ಹೊತ್ತಿನ ವಿಡಿಯೋ ಬೇಕು. ಅದಕ್ಕಾಗಿ ತಲೆಗೆ ಇಪ್ಪತ್ತಕ್ಕೂ ಹೆಚ್ಚು ಎಲೆಕ್ಟ್ರೋಡ್ ಅಂಟಿಸಿ, ಮೇಲೆ ಬ್ಯಾಂಡೇಜು ಬಟ್ಟೆ ಸುತ್ತಿ, ಹಗಲೂ ರಾತ್ರಿ ಕ್ಯಾಮೆರಾದ ಎದುರು ಮಲಗಿಸುತ್ತೇವೆ. ಮನೆಯಲ್ಲಿ ಬರುವಂಥದ್ದೇ ಮೂರು, ನಾಲ್ಕು, ಐದು ಫಿಟ್ಸ್ ದಾಖಲಾದರೆ ಹಾಸಿಗೆ ಖಾಲಿ ಮಾಡಿಸಬಹುದು.

ಇಷ್ಟನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ, ಹೇಳಿಯೂ ಇದ್ದೇನೆ. ಕಸಿವಿಸಿ ಇರುವುದು ಇದರ ಮುಂದಿನ ಹಂತದಲ್ಲಿ: ಸಾಕಾಗುವಷ್ಟು ಸಿಕ್ಕ ಮೇಲೂ ಇನ್ನೊಂದು ಬರಲಿ ಎಂದುಕೊಳ್ಳುವಲ್ಲಿ.

ಮಾತ್ರೆ ಇಳಿಸಿದ ಮೊದಲೆರಡು ದಿನ ಏನೂ ಆಗದೆ ಹೋಗಬಹುದು. ಕಾರ್ಬಮಾಜೆಪಿನ್ ಆದರೆ ಬೇಗ ಇಳಿಸುತ್ತೇವೆ, ಕ್ಲೋಬಜಾಮ್, ಫಿನೋಬಾರ್ಬಿಟೋನ್‌ಗಳನ್ನು ಮುಟ್ಟುವಾಗ ಕೈ ನಡುಗಬೇಕು, ಏಕೆಂದರೆ ಅವನ್ನು ತಟ್ಟನೆ ನಿಲ್ಲಿಸಿದರೆ ಆ ನಿಲ್ಲಿಸುವಿಕೆಯೇ ಫಿಟ್ಸ್ ತರುತ್ತದೆ. ಆಮೇಲೆ ಒಂದು ರಾತ್ರಿ ಒಂದು ಬರುತ್ತದೆ. ಎರಡು ಗಂಟೆ ಬಿಟ್ಟು ಇನ್ನೊಂದು. ಬೆಳಗಿನ ಜಾವಕ್ಕೆ ಮತ್ತೊಂದು. ಇದನ್ನು ಕ್ಲಸ್ಟರ್ ಎನ್ನುತ್ತೇವೆ. 24 ಗಂಟೆಯೊಳಗೆ ಮೂರು ಅಥವಾ ಹೆಚ್ಚು ಬಂದರೆ ಕ್ಲಸ್ಟರ್ ಎಂದು ಹಲವರ ಲೆಕ್ಕ, ಎರಡೇ ಸಾಕು ಎನ್ನುವವರೂ ಇದ್ದಾರೆ, ಎಲ್ಲರೂ ಒಪ್ಪಿದ ಒಂದು ವ್ಯಾಖ್ಯೆ ಇಲ್ಲ. ಇದು ನನಗೆ ಅನುಕೂಲವಾಗಿ ಒದಗಿದೆ ಎನ್ನುವುದನ್ನು ಇತ್ತೀಚೆಗೆ ಗಮನಿಸಿದ್ದೇನೆ. ಒಂದೇ ಫಿಟ್ಸ್ ಉದ್ದಕ್ಕೆ ಎಳೆದರೆ ನನಗೆ ಗೊಂದಲವೇ ಇಲ್ಲ. ಕೈಕಾಲು ಬಡಿಯುವ ದೊಡ್ಡ ಫಿಟ್ಸ್ ಐದು ನಿಮಿಷ ದಾಟಿದರೆ ಅದನ್ನು ತುರ್ತಾಗಿ ನಿಲ್ಲಿಸಬೇಕು, ಮೂವತ್ತು ನಿಮಿಷ ದಾಟಿದರೆ ಮಿದುಳಿಗೆ ಉಳಿದುಹೋಗುವ ಹಾನಿಯಾಗಬಹುದು ಎಂದು ಅಂತರರಾಷ್ಟ್ರೀಯ ಮೂರ್ಛೆರೋಗ ಸಂಘಟನೆ 2015ರಲ್ಲಿ ಗೆರೆ ಎಳೆದಿಟ್ಟಿದೆ. ಆ ಗೆರೆ ಕಂಡರೆ ನನ್ನ ಕೈ ತಾನಾಗಿ ಔಷಧದ ಕಡೆ ಹೋಗುತ್ತದೆ. ಕ್ಲಸ್ಟರಿನಲ್ಲಿ ಹಾಗಲ್ಲ. ಪ್ರತಿಯೊಂದೂ ಒಂದೂವರೆ, ಎರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ನಡುವೆ ರೋಗಿ ಕಣ್ಣು ಬಿಟ್ಟು ನೀರು ಕೇಳುತ್ತಾನೆ. ಆ ನೀರು ಕೇಳುವ ಬಿಡುವಿನಲ್ಲಿ ನನ್ನ ತಲೆ ಏನೇನೋ ಲೆಕ್ಕ ಹಾಕುತ್ತದೆ.

ರಾತ್ರಿ ಡ್ಯೂಟಿ ಡಾಕ್ಟರ ಫೋನು ಬರುತ್ತದೆ. "ಮೇಡಂ, ಮೂರನೇ ಬೆಡ್ಡಿಗೆ ಎರಡನೆಯದು ಆಯ್ತು. ಲೋರಾಜೆಪಾಮ್ ಕೊಡಲಾ?" ಕೊಡಿ ಎಂದರೆ ಮುಗಿಯಿತು, ಹೆಚ್ಚಿನವರಿಗೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಆ ಔಷಧ ಹೋದ ಮೇಲೆ ತೆರೆಯ ತುಂಬ ಸಣ್ಣ ಸಣ್ಣ ಬೀಟಾ ಅಲೆಗಳು ಎದ್ದು ನಮಗೆ ಬೇಕಾದ ಗುರುತುಗಳು ಅಡಗಿಹೋಗುತ್ತವೆ. ಮರುದಿನವೂ ಫಿಟ್ಸ್ ಬರದೆ ಹೋಗಬಹುದು, ಅಂದರೆ ಒಂದು ದಿನ ವ್ಯರ್ಥ. ಆ ದಿನದ ರೂಮಿನ ಬಾಡಿಗೆ ರೋಗಿಯ ಮನೆಯವರ ತಲೆಗೆ. ಇನ್ಶೂರೆನ್ಸಿನವರು ಇಷ್ಟೇ ದಿನ ಎಂದು ಬರೆದುಕೊಟ್ಟಿರುತ್ತಾರೆ. ಹಿಂದೆ ಇನ್ನೊಬ್ಬರು ಬೆಡ್ಡಿಗಾಗಿ ಸರತಿಯಲ್ಲಿದ್ದಾರೆ. ಇವೆಲ್ಲ ಒಳ್ಳೆಯ ಕಾರಣಗಳೇ. "ಸ್ವಲ್ಪ ನೋಡೋಣ, ಇನ್ನೊಂದು ಬಂದರೆ ಕೊಡಿ" ಎನ್ನುತ್ತೇನೆ. ಫೋನಿಟ್ಟ ಮೇಲೆ, ಈ ಕಾರಣಗಳು ಉತ್ತರಕ್ಕಿಂತ ಮೊದಲು ಬಂದವೋ ಆಮೇಲೆ ಬಂದವೋ ಎಂದು ಹಲವು ಸಲ ಹೇಳಲಾಗಿಲ್ಲ.

ಎಲ್ಲ ಸಲವೂ ಅದು ನೆಪವಲ್ಲ, ಅದನ್ನೂ ಹೇಳಬೇಕು. ಇಇಜಿಯಲ್ಲಿ ಎರಡೂ ಕಡೆ ಗುರುತು ಕಾಣುತ್ತಿದ್ದರೆ ಎರಡು ಫಿಟ್ಸ್ ನಂಬಿ ತಲೆಗೆ ಕತ್ತರಿ ಹಾಕಲಾಗದು. ಎಡದಿಂದ ಎರಡು ಬಂದವನಿಗೆ ಬಲದಿಂದಲೂ ಒಂದು ಬರುತ್ತದೆಯೇ ಎಂದು ನೋಡಲೇಬೇಕು. ಆದರೆ ಒಂದರ ಬೆನ್ನಿಗೆ ಒಂದು ಬರುವ ಫಿಟ್ಸ್‌ಗಳು ಬಹುಮಟ್ಟಿಗೆ ಒಂದೇ ಕಡೆಯಿಂದ ಹುಟ್ಟುತ್ತವೆ. ಹಾಗಾಗಿ ಅದೇ ರಾತ್ರಿಯ ನಾಲ್ಕನೆಯದು ಹೊಸದೇನನ್ನೂ ಹೇಳುವ ಸಂಭವ ಕಡಿಮೆ. ಬಲದ ಪ್ರಶ್ನೆಗೆ ಉತ್ತರ ಬೇಕಿದ್ದರೆ ಇವತ್ತು ನಿಲ್ಲಿಸಿ, ಎರಡು ದಿನ ಬಿಟ್ಟು ಮತ್ತೆ ಕಾಯುವುದೇ ಸರಿಯಾದ ದಾರಿ. ಇದನ್ನು ಪಿಜಿ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ಪಾಠ ಮಾಡುವವಳೂ ನಾನೇ. ಗೊತ್ತಿದ್ದೂ ಆ ನಾಲ್ಕನೆಯದಕ್ಕೆ ಯಾಕೆ ಕಾಯುತ್ತೇನೆ?

ಒಂದು ಉತ್ತರವನ್ನು ಬಹಳ ಕಾಲ ಪಕ್ಕಕ್ಕೆ ಸರಿಸಿಟ್ಟಿದ್ದೆ. ನನಗೆ ಅದನ್ನು ನೋಡುವುದು ಇಷ್ಟ. ಸಂಕಟ ನೋಡುವುದಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಇದ್ದರೂ ಇಲ್ಲ ಎಂದೇ ಹೇಳುತ್ತಿದ್ದೆನೇನೋ. ಇಷ್ಟವಾಗುವುದು ತೆರೆಯ ಮೇಲಿನ ಆ ಆರಂಭ. ಎಲ್ಲ ಗೆರೆಗಳೂ ಸುಮ್ಮನೆ ಓಡುತ್ತಿರುವಾಗ ಎಡ ಟೆಂಪೊರಲ್‌ನ ಎರಡು ಮೂರು ಗೆರೆಗಳಲ್ಲಿ ಮಾತ್ರ ಒಂದು ಲಯ ಏಳುತ್ತದೆ, ಅದು ದಪ್ಪವಾಗುತ್ತದೆ, ಪಕ್ಕದವನ್ನು ಎಳೆದುಕೊಳ್ಳುತ್ತದೆ. ವಿಡಿಯೋದಲ್ಲಿ ರೋಗಿ ಇನ್ನೂ ಏನೂ ಆಗದವನಂತೆ ಬಿಸ್ಕತ್ತು ತಿನ್ನುತ್ತಿರುತ್ತಾನೆ. ಆಗಲಿರುವುದು ಅವನಿಗಿಂತ ಮೊದಲು ನನಗೆ ಗೊತ್ತು. ಸೋಮವಾರದ ಮೀಟಿಂಗಿನಲ್ಲಿ ಇಂಥ ರೆಕಾರ್ಡಿಂಗ್ ತೋರಿಸಿದಾಗ "ಬ್ಯೂಟಿಫುಲ್ ಸೀಝರ್" ಎಂದು ಯಾರಾದರೂ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತೇವೆ. ಗಲೀಜಾದ ರೆಕಾರ್ಡಿಂಗ್, ಅಂದರೆ ಸ್ನಾಯುಗಳ ಸೆಳೆತವೇ ತುಂಬಿಹೋಗಿ ಏನೂ ಕಾಣದ್ದು, ನನಗೆ ವೈಯಕ್ತಿಕ ನಷ್ಟದಂತೆ ಕಾಣುತ್ತದೆ. ಎರಡು ಗಲೀಜಾದವು ಸಿಕ್ಕ ರಾತ್ರಿ ಮೂರನೆಯದನ್ನು ಬಯಸಿದವಳು ಡಾಕ್ಟರೋ, ಮೀಟಿಂಗಿನಲ್ಲಿ ಮೊದಲ ಸಾಲಿನಲ್ಲಿ ಕೂರುವ ಹೆಂಗಸೋ ಎಂದು ಕೇಳಿದರೆ ಇಬ್ಬರೂ ಎನ್ನಬೇಕಾಗುತ್ತದೆ. ಯಾರ ಪಾಲು ಎಷ್ಟು ಎಂದು ಕೇಳಿದರೆ ಸುಮ್ಮನಾಗುತ್ತೇನೆ.

ಹಾವೇರಿ ಕಡೆಯ ಒಬ್ಬ ತಾಯಿ ನೆನಪಾಗುತ್ತಾರೆ. ಮಗಳಿಗೆ ಫಿಟ್ಸ್ ಬಂದಾಗಲೆಲ್ಲ ಎದೆಗವಚಿಕೊಂಡು ಕೂರುವುದು ಅವರಿಗೆ ವರ್ಷಗಳ ಅಭ್ಯಾಸ. ನಮ್ಮಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು, ಫಿಟ್ಸ್ ಶುರುವಾದೊಡನೆ ಬಟನ್ ಒತ್ತಿ ತಿಳಿಸುವವರು ಅವರೇ. ಒತ್ತಿ ಪಕ್ಕಕ್ಕೆ ಸರಿಯಿರಿ, ಹೊದಿಕೆ ತೆಗೆಯಿರಿ, ಕ್ಯಾಮೆರಾಕ್ಕೆ ಅಡ್ಡ ಬರಬೇಡಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಬೀಗದಕೈ ಕೊಡಬೇಡಿ ಎಂದು ಮೊದಲೇ ಹೇಳಿರುತ್ತೇವೆ. ಅಡ್ಡ ಬರಬೇಡಿ ಎನ್ನುವುದಕ್ಕೆ ಅರ್ಥವಿದೆ: ಯಾವ ಕೈ ಸೆಟೆಯಿತು, ಯಾವ ಕೈ ಬಟ್ಟೆಯನ್ನು ಪರಪರ ಎಳೆಯಿತು ಎಂಬುದರಿಂದ ಫಿಟ್ಸ್ ಯಾವ ಬದಿಯದು ಎಂದು ಗೊತ್ತಾಗುತ್ತದೆ, ಬಲಗೈ ಸೆಟೆದು ತಿರುಚಿಕೊಂಡರೆ ಮೂಲ ಎಡ ಮಿದುಳಿನಲ್ಲಿರುವ ಸಂಭವ ಹೆಚ್ಚು. ಆ ತಾಯಿ ಮೊದಲ ಸಲ ಅಡ್ಡ ಬಂದರು, ಕೈ ಕಾಣಲಿಲ್ಲ. ಎರಡನೆಯ ಸಲವೂ ಬಂದರು. ನಾನು ಸ್ವಲ್ಪ ಗಡುಸಾಗಿ ಹೇಳಿದೆ. "ನಾ ಹಿಡ್ಕೊಂಡ್ರ ಏನಾಕ್ಕೈತ್ರೀ ಮೇಡಂ? ಅಕಿಗೆ ಗೊತ್ತಾಗ್ಲಿಕ್ಕಿಲ್ಲ ಅಂತೀರಿ. ಗೊತ್ತಾದ್ರ?" ಎಂದರು. ಗೊತ್ತಾಗುವುದಿಲ್ಲ ಎಂದು ಹೇಳಿದೆ. ವೈದ್ಯಕೀಯವಾಗಿ ಅದು ಬಹುಮಟ್ಟಿಗೆ ಸರಿ. ಮೂರನೆಯದಕ್ಕೆ ಅವರು ಗೋಡೆಗೆ ಆತುಕೊಂಡು ಸೆರಗು ಬಾಯಿಗೊತ್ತಿ ನಿಂತರು. ಕೈ ಸ್ಪಷ್ಟವಾಗಿ ಕಂಡಿತು. ಆ ರೆಕಾರ್ಡಿಂಗಿನಿಂದ ನಿಜವಾಗಿಯೂ ಪ್ರಯೋಜನವಾಯಿತು, ಹುಡುಗಿಗೆ ಮುಂದೆ ಆಪರೇಷನ್ನೂ ಆಯಿತು. ಆದರೆ ತಾಯಿ ಅಡ್ಡ ಬಂದದ್ದರಿಂದಲೇ ಮೂರನೆಯದರ ಅಗತ್ಯ ಬಿತ್ತು ಎಂದು ಆ ಹೊತ್ತು ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಮಗುವಿನ ಇನ್ನೊಂದು ಫಿಟ್ಸ್‌ನ ಹೊಣೆಯನ್ನು ಅದನ್ನು ತಬ್ಬಿಕೊಂಡವರ ಲೆಕ್ಕಕ್ಕೆ ಬರೆದಿದ್ದೆ.

ಅಪಾಯ ನನಗೆ ಗೊತ್ತಿಲ್ಲದ್ದಲ್ಲ. 2013ರಲ್ಲಿ ಫ್ರಾನ್ಸಿನ ಫಿಲಿಪ್ ರಿವ್ಲಾಂ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಇಂಥದೇ ಯೂನಿಟ್‌ಗಳಲ್ಲಿ ನಿಂತುಹೋದ ಎದೆಬಡಿತಗಳ ದಾಖಲೆ ಒಟ್ಟು ಮಾಡಿ ಪ್ರಕಟಿಸಿದರು. ಮೂರ್ಛೆರೋಗದ ಹಠಾತ್ ಸಾವು 16, ಸಾವಿನ ಬಾಗಿಲಿಗೆ ಹೋಗಿ ಮರಳಿದವರು 9. ಹೆಚ್ಚಿನವು ರಾತ್ರಿ. ದೊಡ್ಡ ಫಿಟ್ಸ್ ಮುಗಿದ ಕೆಲವೇ ನಿಮಿಷಗಳಲ್ಲಿ ಮೊದಲು ಉಸಿರು, ಆಮೇಲೆ ಹೃದಯ. ಎಲ್ಲವೂ ಆಸ್ಪತ್ರೆಯೊಳಗೆ, ಎಲೆಕ್ಟ್ರೋಡ್ ಅಂಟಿಸಿಕೊಂಡವರಿಗೆ, ನೋಡಿಕೊಳ್ಳಲೆಂದೇ ಇಟ್ಟ ಕೋಣೆಗಳಲ್ಲಿ. ಆ ಪ್ರಬಂಧ ಓದಿದ ಮೇಲೆ ಬೆರಳಿಗೆ ಆಕ್ಸಿಮೀಟರ್, ಫಿಟ್ಸ್ ಮುಗಿದೊಡನೆ ಪಕ್ಕಕ್ಕೆ ಹೊರಳಿಸುವುದು, ರಾತ್ರಿ ತೆರೆಯ ಮುಂದೆ ಯಾವಾಗಲೂ ಒಬ್ಬರು ಇರುವುದು, ಇವುಗಳ ಬಗ್ಗೆ ನಾನು ಬಹಳ ಕಟ್ಟುನಿಟ್ಟಾದೆ. ಈಗ ಅನಿಸುವುದೇನೆಂದರೆ, ಆ ಕಟ್ಟುನಿಟ್ಟು ನನಗೆ ಇನ್ನಷ್ಟು ಕಾಯುವ ಧೈರ್ಯ ಕೊಟ್ಟಿತು. ಆಕ್ಸಿಮೀಟರ್ ಇದೆಯಲ್ಲ, ಸಿಸ್ಟರ್ ಇದ್ದಾರಲ್ಲ, ಇನ್ನೊಂದು ಬರಲಿ.

ನನ್ನ ಪರವಾಗಿ ಹೇಳಬಹುದಾದದ್ದನ್ನೂ ಹೇಳಿಬಿಡುತ್ತೇನೆ, ಅದು ಸಣ್ಣದಲ್ಲ. ಕೆನಡಾದಲ್ಲಿ ಸ್ಯಾಮುಯೆಲ್ ವೀಬೆ ಮತ್ತು ಜೊತೆಯವರು 80 ಜನ ಟೆಂಪೊರಲ್ ಲೋಬ್ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿದರು, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಒಂದು ವರ್ಷ ಮಾತ್ರೆ. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎಚ್ಚರ ತಪ್ಪಿಸುವ ಫಿಟ್ಸ್‌ನಿಂದ ಬಿಡುಗಡೆ ಸಿಕ್ಕಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 58 ಮಂದಿಗೆ, ಎರಡನೆಯದರಲ್ಲಿ 8 ಮಂದಿಗೆ. ಆ ವರ್ಷದಲ್ಲಿ ಸತ್ತವರು ಒಬ್ಬರು, ಮಾತ್ರೆಯ ಗುಂಪಿನವರು. ನಮ್ಮ ದಕ್ಷಿಣದಲ್ಲೇ 1995ರಿಂದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಕೆ. ರಾಧಾಕೃಷ್ಣನ್ ಅವರ ತಂಡ ದುಬಾರಿ ಪರೀಕ್ಷೆಗಳ ರಾಶಿಯಿಲ್ಲದೆ, ಎಂಆರ್‌ಐ ಮತ್ತು ವಿಡಿಯೋ ಇಇಜಿಯನ್ನೇ ನೆಚ್ಚಿ ಈ ಆಪರೇಷನ್ ಮಾಡಿ ತೋರಿಸಿತು. ಅಂದರೆ ನಾವು ದಾಖಲಿಸುವ ಫಿಟ್ಸ್‌ಗೆ ಬೆಲೆಯಿದೆ. ದಾಖಲಿಸದೆ ಮನೆಗೆ ಕಳಿಸುವುದು ಕರುಣೆಯಂತೆ ಕಂಡರೂ ಅಲ್ಲಿಯೂ ಸಾವಿದೆ, ಸುಟ್ಟ ಕೈಗಳಿವೆ, ಬಿಟ್ಟ ಕೆಲಸಗಳಿವೆ. ಈ ವಾದ ನಿಜ. ನಿಜವಾದ್ದರಿಂದಲೇ ಅದರ ಹಿಂದೆ ಅಡಗಿಕೊಳ್ಳುವುದು ಸುಲಭ. ಮೊದಲ ಮೂರು ಫಿಟ್ಸ್‌ಗೆ ಒಪ್ಪುವ ವಾದವನ್ನು ನಾಲ್ಕನೆಯದಕ್ಕೂ ಹೊದಿಸುತ್ತೇನೆ.

ರೋಗಿಗಳು ಈ ಆಸೆಯನ್ನು ಗುರುತಿಸುತ್ತಾರೆ. ಊರಲ್ಲಿ ವಾರಕ್ಕೆರಡು ಬರುತ್ತಿದ್ದವು, ಇಲ್ಲಿಗೆ ಬಂದ ಮೇಲೆ ಒಂದೂ ಇಲ್ಲ ಎಂದು ಒಬ್ಬ ಹುಡುಗ ನನ್ನ ಹತ್ತಿರ ಕ್ಷಮೆ ಕೇಳಿದ್ದ. "ಬೇಜಾರಾಯ್ತಾ ಮೇಡಂ?" ಎಂದ. ಇಲ್ಲಪ್ಪ ಎಂದೆ. ಆದರೆ ರೌಂಡ್ಸಿಗೆ ಹೋದಾಗ ಮೊದಲು ನಾನು ನೋಡುವುದು ಟೆಕ್ನಿಷಿಯನ್ ಮುಖವನ್ನು, ಬಂತಾ ಎಂದು. ಬರಲಿಲ್ಲ ಎಂದು ಅವನು ತಲೆಯಾಡಿಸಿದಾಗ ನನ್ನ ಮುಖದಲ್ಲಿ ಏನಾಗುತ್ತದೆಂದು ಹಾಸಿಗೆಯಲ್ಲಿ ಕೂತವನಿಗೆ ಕಾಣದೆ ಇರುತ್ತದೆಯೇ? ಫಿಟ್ಸ್ ಹುಟ್ಟುವ ಜಾಗ ಹುಡುಕಲು ಸ್ಪೆಕ್ಟ್ ಎಂಬ ಸ್ಕ್ಯಾನ್ ಮಾಡುವ ದಿನ ಇದು ಇನ್ನೂ ವಿಪರೀತ. ಟೆಕ್ನಿಷಿಯಂ ಬೆರೆಸಿದ ಔಷಧವನ್ನು ಫಿಟ್ಸ್ ಶುರುವಾದ ಕೆಲವೇ ಸೆಕೆಂಡಿನಲ್ಲಿ ನರಕ್ಕೆ ಹಾಕಬೇಕು, ಮತ್ತು ಅದು ಕೆಲವು ಗಂಟೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಸಿರಿಂಜ್ ಸಿದ್ಧಮಾಡಿಕೊಂಡು ಒಬ್ಬರು ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತಾರೆ. ಸಂಜೆಯೊಳಗೆ ಬರದಿದ್ದರೆ ಆ ದುಡ್ಡು ಹೋಯಿತು. ಅಂಥ ಒಂದು ದಿನ ಮಧ್ಯಾಹ್ನ ರೋಗಿಯ ತಂದೆ ದೇವರ ಫೋಟೋಕ್ಕೆ ಕೈಮುಗಿಯುತ್ತಿದ್ದರು. ಮಗನಿಗೆ ಫಿಟ್ಸ್ ಬರಲಿ ಎಂದು ಬೇಡಿಕೊಳ್ಳುತ್ತಿದ್ದರು. ಆ ಬೇಡಿಕೆಯನ್ನು ಅವರ ಬಾಯಲ್ಲಿ ಇಟ್ಟವರು ನಾವು.

ಕ್ಲಸ್ಟರಿನ ಬೆಲೆ ಯೂನಿಟ್ಟಿನಲ್ಲೇ ಕಾಣಿಸಿದ್ದರೆ ಬಹುಶಃ ನಾನು ಬೇಗ ಕಲಿಯುತ್ತಿದ್ದೆ. ಅದು ಹಲವು ಸಲ ಮನೆಯಲ್ಲಿ ಬಯಲಿಗೆ ಬರುತ್ತದೆ. ಸಾಲಾಗಿ ಫಿಟ್ಸ್ ಬಂದವರಲ್ಲಿ ಕೆಲವರು ಒಂದೆರಡು ದಿನ, ಕೆಲವೊಮ್ಮೆ ವಾರದವರೆಗೂ, ತೀರಾ ಸರಿಯಾಗಿದ್ದು ಆಮೇಲೆ ಬುದ್ಧಿ ಕದಡಿಕೊಳ್ಳುತ್ತಾರೆ. ಒಬ್ಬ ಯುವಕ ನಗುನಗುತ್ತ ಡಿಸ್ಚಾರ್ಜ್ ಆಗಿ ಹೋಗಿದ್ದ, ಒಳ್ಳೆಯ ರೆಕಾರ್ಡಿಂಗ್ ಕೊಟ್ಟವನೆಂದು ನಾವೆಲ್ಲ ಖುಷಿಯಲ್ಲಿದ್ದೆವು. ಊರಿಗೆ ಹೋದ ಮೇಲೆ ಅಕ್ಕ ಅನ್ನಕ್ಕೆ ವಿಷ ಹಾಕಿದ್ದಾಳೆ ಎಂದು ತಟ್ಟೆ ಎಸೆದು, ರಾತ್ರಿಯೆಲ್ಲ ದೇವರ ಜೊತೆ ಮಾತಾಡುತ್ತ ಕೂತನಂತೆ. ಇಂಜೆಕ್ಷನ್ ಬೇಗ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಖಡಾಖಂಡಿತ ಹೇಳಲು ಬರುವುದಿಲ್ಲ; ಎರಡೇ ಬಂದವರಿಗೂ ಆಗಬಹುದು, ಆರು ಬಂದವರಿಗೂ ಆಗದಿರಬಹುದು. ಔಷಧ ಕೊಟ್ಟ ಮೇಲೆ ಅವನು ಕೆಲವೇ ದಿನಗಳಲ್ಲಿ ಸರಿಹೋದ. ಅಕ್ಕ ಫೋನಿನಲ್ಲಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನೀವು ಹೇಳಿದ್ರಿ ಮೇಡಂ, ಹೀಗೂ ಆಗಬಹುದು ಅಂತ" ಎಂದರು.

ಹೇಳಿದ್ದೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸುವಾಗ ಎಲ್ಲವನ್ನೂ ಹೇಳುತ್ತೇನೆ, ಒಂದನ್ನೂ ಬಿಡುವುದಿಲ್ಲ: ಒಂದರ ಮೇಲೊಂದು ಬರಬಹುದು, ಮೂಳೆ ಮುರಿಯಬಹುದು, ತಲೆ ಕೆಡಬಹುದು, ತೀರಾ ಅಪರೂಪಕ್ಕೆ ಜೀವಕ್ಕೂ ಅಪಾಯ. ಆದರೆ ಹೇಳುವ ಒಂದು ಧಾಟಿ ಇದೆ, ಅದನ್ನು ನಾನು ವರ್ಷಗಳಿಂದ ಪಳಗಿಸಿಕೊಂಡಿದ್ದೇನೆ. ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿರುವವರು "ನೀವಿದೀರಲ್ಲ" ಎನ್ನಬೇಕು. ಅನ್ನುತ್ತಾರೆ. ಹೆದರಿಸಬಾರದು ಎಂಬ ಕಾಳಜಿಯೂ ಆ ಧಾಟಿಯಲ್ಲಿದೆ, ಅದನ್ನು ಅಲ್ಲಗಳೆಯಲಾರೆ.

ಈಗ ನಮ್ಮ ಯೂನಿಟ್ಟಿಗೆ ಬರಹದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಎರಡನೆಯ ದೊಡ್ಡ ಫಿಟ್ಸ್ ಬಂದರೆ, ಅಥವಾ ಕೆಲವು ಗಂಟೆಗಳೊಳಗೆ ಮೂರನೆಯ ಸಣ್ಣದು ಬಂದರೆ, ನನ್ನ ಫೋನಿಗೆ ಕಾಯದೆ ಡ್ಯೂಟಿ ಡಾಕ್ಟರು, ಸಿಸ್ಟರ್ ಸೇರಿ ಲೋರಾಜೆಪಾಮ್ ಕೊಡುವುದು. ಇಳಿಸಿದ ಮಾತ್ರೆಯನ್ನು ಅವತ್ತೇ ಮರಳಿ ಶುರು ಮಾಡುವುದು. ಇದಕ್ಕಿಂತ ಹೆಚ್ಚು ಕಾಯಬೇಕಾದ ರೋಗಿ ಇದ್ದರೆ ಹಗಲು ಹೊತ್ತಿನಲ್ಲೇ, ಕಾರಣ ಬರೆದು, ಇನ್ನೊಬ್ಬ ಡಾಕ್ಟರ ಸಹಿ ಹಾಕಿಸಿಡುವುದು. ಮೊದಲ ಕರಡಿನಲ್ಲಿ ನಾನು "ಕೊಡಬಹುದು" ಎಂದು ಬರೆದಿದ್ದೆ. ಹಿರಿಯ ಸಿಸ್ಟರ್ ಒಬ್ಬರು ಏನೂ ಮಾತಾಡದೆ "ಕೊಡಬೇಕು" ಎಂದು ಪೆನ್ನಿನಲ್ಲಿ ತಿದ್ದಿ ನನ್ನ ಮುಂದಿಟ್ಟರು. ಸಹಿ ಮಾಡಿದೆ. ನನ್ನ ಆಸೆಯಿಂದ ರೋಗಿಯನ್ನು ಕಾಪಾಡಲು ಸಹಿ ಮಾಡಿದೆ ಎಂದು ಕೆಲವು ದಿನ ಬೀಗಿದ್ದೂ ಉಂಟು. ರಾತ್ರಿಯ ಫೋನುಗಳು ನಿಲ್ಲುತ್ತವೆ, ತೀರ್ಮಾನ ಬೇರೆಯವರದಾಗುತ್ತದೆ ಎಂಬುದೂ ಆ ಸಹಿಯಲ್ಲಿ ಸೇರಿತ್ತು ಅನ್ನುವುದು ಆಮೇಲೆ ಹೊಳೆಯಿತು.

ನಿಯಮ ಬಂದ ಮೇಲೆ ಮೊದಲ ಸಲ ಅದನ್ನು ಬಳಸಿದ್ದು ಅದೇ ಸಿಸ್ಟರ್. ನನಗೆ ಗೊತ್ತಾಗಿದ್ದು ಬೆಳಿಗ್ಗೆ. ರೋಗಿ ಇಡ್ಲಿ ತಿನ್ನುತ್ತ ಕೂತಿದ್ದ, ಚೆನ್ನಾಗಿದ್ದ. ತೆರೆಯ ಮೇಲೆ ಮೊದಲ ಎರಡರಲ್ಲೂ ಆರಂಭ ಅಸ್ಪಷ್ಟ. ಮೂರನೆಯದರಲ್ಲಿ ಲಯ ಎದ್ದದ್ದು ಕಾಣುತ್ತಿತ್ತು, ಅದು ಮುಗಿಯುತ್ತಿದ್ದ ಹಾಗೆ ಔಷಧ ಹೋಗಿತ್ತು, ಆಮೇಲೆ ರಾತ್ರಿಯಿಡೀ ಬೀಟಾ ಅಲೆಗಳೇ. ಸಿಸ್ಟರಿಗೆ "ಸರಿಯಾಗಿ ಮಾಡಿದಿರಿ" ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. "ನಾಲ್ಕು ಮಿಲಿಗ್ರಾಂ ಯಾಕೆ, ಎರಡು ಕೊಟ್ಟು ನೋಡಬಹುದಿತ್ತಲ್ಲ?" ಎಂದು ಕೇಳಿದೆ.

"ಅವರ ತೂಕಕ್ಕೆ ಶೀಟಿನಲ್ಲಿರೋದು ಅಷ್ಟೇ ಮೇಡಂ. ನೀವೇ ಸೈನ್ ಮಾಡಿರೋದು" ಎಂದರು.

ಹೌದು ಎಂದೆ. ಅವರು ಹೋದ ಮೇಲೆ, ಇನ್ನೆರಡು ದಿನ ಬೆಡ್ ಮುಂದುವರಿಸಲು ಇನ್ಶೂರೆನ್ಸಿನವರು ಒಪ್ಪುತ್ತಾರಾ ಎಂದು ಕೆಳಗೆ ಬಿಲ್ಲಿಂಗಿಗೆ ಫೋನ್ ಮಾಡಿದೆ.